ಹಿಂದಿನ ಸಾಲಿನ ಇಲಿಗಳು

ಹಿರೇಬಸರಿ, ಕಪ್ಪತಗುಡ್ಡದ ಬುಡ
ಕ್ರಿ.ಶ. 2219, ಫೆಬ್ರವರಿ 30

ಇನ್ನೂರು ವರ್ಷಗಳ ಹಿಂದೆ ಬದುಕಿರುವ ಕಡೇಮನಿ ಮನೆತನದ ಹಿರಿಯರಿಗೆ, ನಿಮ್ಮ ಮರಿಮೊಮ್ಮಗನ ಮರಿಮೊಮ್ಮಗ ಫಕ್ಕೀರಪ್ಪ ಮಾಡುವ ಶರಣು.

ಮೊದಲು ನನ್ನ ಪರಿಚಯ. ಮಿದುಳಿನ ರೋಗಗಳಿಗೆಲ್ಲ ಔಷಧ ಕಂಡುಹಿಡಿದವನು ನಾನೇ. ಏಳನೆಯ ಇಯತ್ತೆಯಲ್ಲಿದ್ದಾಗ, ಊಟದ ಬಿಡುವಿನಲ್ಲಿ ಕಂಡುಹಿಡಿದು ಪಾಟಿಯ ಮೇಲೆ ಬರೆದಿದ್ದೆ. ಮಾಸ್ತರರು ಪಾಟಿ ಒರೆಸು ಅಂದರು, ಒರೆಸಿಬಿಟ್ಟೆ. ಮರುದಿನದಿಂದ ನಾನು ಶಾಲೆಯ ಕಡೆ ಹಾಯಲಿಲ್ಲ, ಲೋಕಕ್ಕೆ ಔಷಧ ಸಿಗಲಿಲ್ಲ. ಇನ್ನು ಮೇಲಿನ ತಾರೀಖು ನೋಡಿ ಇವನ ತಲೆ ಕೆಟ್ಟಿದೆ ಅನ್ನಬೇಡಿ. ನಮ್ಮ ಕಾಲದಲ್ಲಿ ಪಂಚಾಂಗ ತಿದ್ದಿದ್ದಾರೆ. ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ಐದು ದಿನಕ್ಕೆ ಹೆಸರಿಲ್ಲ, ಆಗ ಯಾರೂ ಕೆಲಸ ಮಾಡುವುದಿಲ್ಲ. ಮಾತು ಕೂಡ ಬದಲಾಗಿದೆ. ನಿಮಗೆ ತಿಳಿಯದ ಪದ ಬಂದರೆ ಕ್ಷಮಿಸಬೇಕು. ಬಿಡಿಸಿ ಹೇಳುತ್ತ ಹೋಗುತ್ತೇನೆ.

ನಮ್ಮ ಮನೆಗಳು ಅರ್ಧ ನೆಲದೊಳಗಿವೆ. ಬಿಸಿಲು ಅಷ್ಟು ಕೆಟ್ಟದ್ದು. ಓಣಿಯ ಉದ್ದಕ್ಕೂ ಈ ಮಾಳಿಗೆಯಿಂದ ಆ ಮಾಳಿಗೆಗೆ ನೆರಳುಬಟ್ಟೆ ಕಟ್ಟುತ್ತೇವೆ. ಅದು ಬಿಸಿಲನ್ನು ತಡೆದು ದೀಪಕ್ಕೆ ಬೇಕಾದ ಕರೆಂಟನ್ನೂ ಕೊಡುತ್ತದೆ. ಹೊಲದ ಕೆಲಸವೆಲ್ಲ ನಸುಕಿನಲ್ಲೇ ಮುಗಿಯಬೇಕು. ಹೊತ್ತು ಏರಿದ ಮೇಲೆ ಬಾಗಿಲು ಹಾಕಿ, ರೊಟ್ಟಿ ತಿಂದು, ತಂಪಿನಲ್ಲಿ ಹರಟೆ. ರೊಟ್ಟಿ ಬಡಿಯುವ ಸದ್ದು ಮಾತ್ರ ನಿಮ್ಮ ಕಾಲದ್ದೇ ಇರಬೇಕು. ಹೊಸದೆಂದರೆ ನಮ್ಮ ಪಡಸಾಲೆಗಳಲ್ಲಿ ಕಾಣುವ ಬಿಡಾರದ ಇಲಿಗಳು. ದೊಡ್ಡ ಪ್ರಯೋಗಶಾಲೆಗಳ ದೀಪಕ್ಕೆ, ಯಂತ್ರದ ಗದ್ದಲಕ್ಕೆ ಇಲಿಗಳು ಬೆದರುತ್ತವೆ. ಔಷಧದಿಂದ ಆದದ್ದು ಯಾವುದು, ಬೆದರಿ ಆದದ್ದು ಯಾವುದು ತಿಳಿಯುವುದಿಲ್ಲ. ಅದಕ್ಕೆ ಅವುಗಳನ್ನು ಹಳ್ಳಿಯ ಮನೆಗಳಲ್ಲಿ ಬಿಡಾರ ಇಡುತ್ತಾರೆ. ನಮ್ಮ ಮನೆಗೆ ಬಂದವು ಹುಟ್ಟಿನಿಂದಲೇ ಮೂರ್ಛೆ ಬರುವ ತಳಿಯವು.

ಮೂರ್ಛೆರೋಗ ನಮ್ಮ ಕಾಲಕ್ಕೂ ದಾಟಿ ಬಂದಿದೆ, ಹಿರಿಯರೇ. ನನ್ನ ಅಕ್ಕ ನಿಂಬೆವ್ವನ ಮಗಳು ಹೊನ್ನಿಗೆ ನಾಲ್ಕನೆಯ ವಯಸ್ಸಿನಲ್ಲಿ ಬಂತು. ಮಾತ್ರೆ ಕೊಟ್ಟರು. ಮೂರ್ಛೆ ಬಹುಮಟ್ಟಿಗೆ ನಿಂತಿತು, ಆದರೆ ಮಾತ್ರೆಯ ಪ್ರಮಾಣ ಏರಿದಂತೆ ಹುಡುಗಿ ಮಂಕಾಗತೊಡಗಿದಳು. ಅವಳಂಥ ಚುರುಕು ಬಾಯಿ ಊರಲ್ಲೇ ಇರಲಿಲ್ಲ. ನಾನು ಎತ್ತುಗಳಿಗೆ ಮಗ್ಗಿ ಕಲಿಸಿದ್ದೇನೆ ಎಂದು ಬಂದವರ ಮುಂದೆ ಹೇಳಿದರೆ ಅವಳು ಮೂಲೆಯಿಂದಲೇ, "ಮಾಮಾ, ಮೊದಲ ನಿನಗ ಏಳರ ಮಗ್ಗಿ ಬರತೈತೇನು ಹೇಳು" ಅನ್ನುತ್ತಿದ್ದಳು. ಬಂದವರು ಬಿದ್ದು ಬಿದ್ದು ನಗುತ್ತಿದ್ದರು. ಅಂಥವಳು ಒಂದು ದಿನ ಊಟಕ್ಕೆ ಕೂತು, "ಮಾಮಾ, ಅದನ್ನ ಕೊಡು... ಅದು... ನೀರು ಕುಡಿಯೋದು" ಎಂದಳು. ಎದುರಿಗಿದ್ದ ತಂಬಿಗೆಯ ಹೆಸರು ಅವಳಿಗೆ ಸಿಗಲಿಲ್ಲ.

ಧಾರವಾಡದಿಂದ ಡಾಕ್ಟರ್ ರುಬೀನಾ ಮುಲ್ಲಾ ಇಲಿಗಳನ್ನು ತಂದದ್ದು ಆ ವರ್ಷವೇ. ಮೂರ್ಛೆ ಬಂದಾಗಲೆಲ್ಲ ಮಿದುಳಿನೊಳಗೆ ಒಂದು ಬಗೆಯ ತುಕ್ಕು ಹಿಡಿಯುತ್ತದಂತೆ. ನಾವು ಮಿದುಳುತುಕ್ಕು ಅನ್ನುತ್ತೇವೆ. ಕೆಲವು ಸೊಪ್ಪುಗಳಿಗೆ ಅದನ್ನು ತಡೆಯುವ ಗುಣ ಇರಬಹುದೆಂದು ಅವರ ಊಹೆ. ನುಗ್ಗೆಸೊಪ್ಪಿನ ಸತ್ವವನ್ನು ಪುಡಿ ಮಾಡಿ, ಅಳತೆ ಮಾಡಿ, ಪೊಟ್ಟಣ ಕಟ್ಟಿ ತಂದಿದ್ದರು. ಅಕ್ಕನಿಗೆ ತಿಳಿಯುವ ಹಾಗೆ ಹೇಳಿದರು: "ನೋಡವ್ವಾ, ಮಾತ್ರೆ ಬೆಂಕಿ ಆರಸತೈತಿ. ಸೊಪ್ಪು ಗ್ವಾಡಿ ಮ್ಯಾಲಿನ ಮಸಿ ಒರಸತೈತಿ. ಬರೇ ಸೊಪ್ಪಿಗೆ ಬೆಂಕಿ ಆರಂಗಿಲ್ಲ, ಹೊನ್ನಿ ಮಾತ್ರಿ ಒಂದ ಚೂರೂ ಕಡಿಮಿ ಮಾಡಬ್ಯಾಡ್ರಿ. ಎರಡೂ ಕೂಡಿದ್ರ ಅರ್ಧ ಮಾತ್ರಿ ಸಾಕಾಗ್ತೈತೋ ಏನೋ, ಮೊದಲ ಇಲಿಗಳೊಳಗ ನೋಡೂಣು." ಇಲಿಗಳಲ್ಲಿ ಗುಣ ಕಂಡರೆ ಮುಂದೆ ಮಕ್ಕಳ ಸರದಿ, ಮೊದಲ ತಂಡದಲ್ಲೇ ಹೊನ್ನಿಯ ವಯಸ್ಸಿನವರು. ಅಕ್ಕ ಆ ದಿನ ಅವರಿಗೆ ಹಬ್ಬದ ಸಿಹಿ ಮಾದಲಿ ಮಾಡಿ ಬಡಿಸಿದಳು.

ಪಂಜರಗಳನ್ನು ಎರಡು ಸಾಲಾಗಿ ಇಟ್ಟರು. ಮುಂದಿನ ಸಾಲಿಗೆ ಅರ್ಧ ಮಾತ್ರೆ ಮತ್ತು ಸೊಪ್ಪಿನ ಪುಡಿ. ಹಿಂದಿನ ಸಾಲಿಗೆ ಅರ್ಧ ಮಾತ್ರೆ ಮಾತ್ರ. ಏನು ಮಾಡಬೇಕೆಂದು ಹೇಳಿಕೊಟ್ಟರು, ನಾನು ತಲೆಯಾಡಿಸಿದೆ. ಪಂಜರ ತೊಳೆಯುವುದು ನನ್ನ ಪಾಲಿಗೆ, ಉಣಿಸುವುದು ಅಕ್ಕನ ಪಾಲಿಗೆ. ವರ್ಷವಿಡೀ ನಡೆಯಿತು. ಮುಂದಿನ ಸಾಲಿನ ಇಲಿಗಳು ನಡುಗುವುದು ಕಡಿಮೆಯಾಯಿತು. ಕಾಳು ಇಟ್ಟ ಜಾಗಕ್ಕೆ ದಾರಿ ಮರೆಯದೆ ಓಡಿ ಬರುತ್ತಿದ್ದವು. ನಾನು ಊರೆಲ್ಲ ಸಾರಿದೆ. ಅಕ್ಕ ದೇವರ ಮುಂದೆ ತುಪ್ಪದ ದೀಪ ಇಟ್ಟಳು.

ಕೊನೆಯ ಪರೀಕ್ಷೆಗೆ ಡಾಕ್ಟರು ಬಂದರು. ಎರಡೂ ಸಾಲುಗಳನ್ನು ಓಡಿಸಿ ನೋಡಿದರು. "ಫಕ್ಕೀರಪ್ಪಾ, ಸೊಪ್ಪಿನಿಂದ ಏನೂ ಆಗಿಲ್ಲ. ಎರಡೂ ಸಾಲು ಒಂದ ನಮೂನಿ ಅದಾವ" ಎಂದರು.

ಅಕ್ಕ ಒಳಗಿನಿಂದ ಹಿಟ್ಟಿನ ಕೈಯಲ್ಲೇ ಬಂದಳು. ಅವಳ ಮುಖ ಅರಳಿತ್ತು. "ಒಂದ ನಮೂನಿ ಇರಾಕಬೇಕಲ್ರೀ ಮೇಡಮ್ಮಾರ. ಹಿಂದಿನ ಸಾಲಿಗೂ ನಾನ ಹಾಕೇನಿ. ನಿಮ್ಮ ಪುಡಿ ಮುಟ್ಟಿಲ್ರೀ, ಹಿತ್ತಲದಾಗಿನ ಗಿಡದ ಸೊಪ್ಪು."

"ಯಾಕವ್ವಾ?" ಎಂದರು ಡಾಕ್ಟರು. ಅವರ ದನಿ ಕೇಳಿಸದಷ್ಟು ಸಣ್ಣಗಿತ್ತು.

"ಪಂಕ್ತ್ಯಾಗ ಕುಂತಾವ್ರೀ ಅವು. ಒಬ್ಬರಿಗೆ ಹಾಕಿ ಒಬ್ಬರಿಗೆ ಬಿಟ್ಟು ಹೆಂಗ ಹೋಗ್ಲಿ? ಹಿಂದಿಂದೊಂದು ನಡುಗಿದ್ರ ನನಗ ಹೊನ್ನೀನ ಕಂಡಂಗ ಆಗತಿತ್ರಿ."

ನಮ್ಮ ಕಡೆ ಮಠದ ದಾಸೋಹದಲ್ಲಿ ಬಡಿಸುವ ಹೆಣ್ಣುಮಕ್ಕಳಲ್ಲಿ ಅಕ್ಕನದೇ ಮುಂದಿನ ಕೈ. ಸಾಲಿನಲ್ಲಿ ಕೂತವನು ಯಾರೇ ಇರಲಿ, ಎಲ್ಲರಿಗೂ ಒಂದೇ ಸೌಟು. ಅವಳು ಜೀವಮಾನದಲ್ಲಿ ಎಂದೂ ಪಂಕ್ತಿಭೇದ ಮಾಡಿದವಳಲ್ಲ. ಡಾಕ್ಟರು ಹೊಸ್ತಿಲ ಮೇಲೆ ಕೂತುಬಿಟ್ಟರು. "ಆ ಸಾಲು ನಡುಗಿದ್ರ ಮಾತ್ರ ಈ ಸಾಲಿನ ನಡುಕ ಯಾಕ ನಿಂತೈತಿ ಅಂತ ಗೊತ್ತಾಗತಿತ್ತವ್ವಾ. ಈಗ ಏನೂ ಗೊತ್ತಾಗಂಗಿಲ್ಲ. ಸೊಪ್ಪಿನ ಗುಣಾನೋ, ತಳಿ ಗುಣಾನೋ, ನಿಮ್ಮ ಕೈಗುಣಾನೋ, ಹೇಳಾಕ ಬರಂಗಿಲ್ಲ" ಎಂದರು. ಸಿಟ್ಟು ಮಾಡಲಿಲ್ಲ. ಅತ್ತರು. ಅಕ್ಕನಿಗೆ ಅದು ಅರ್ಥವಾದ ಗಳಿಗೆ ನನಗೆ ಕಣ್ಣಾರೆ ಕಂಡಿತು. ಕೈಯ ಹಿಟ್ಟನ್ನು ಸೀರೆಗೆ ಒರೆಸಿಕೊಂಡವಳು ಒರೆಸುತ್ತಲೇ ಇದ್ದಳು.

ಎಲ್ಲ ಮೊದಲಿನಿಂದ ಶುರುವಾಗಬೇಕಾಯಿತು. ಹೊಸ ಮರಿಗಳು, ಬೇರೆ ಊರು, ಬೇರೆ ಮನೆಗಳು. ನಾಲ್ಕು ವರ್ಷ ಹಿಡಿಯಿತು. ಫಲ ಬಂದಾಗ ಇಲಿಗಳಲ್ಲಿ ಗುಣ ಕಂಡದ್ದು ನಿಜ, ಆದರೆ ನಾನು ಸಾರಿದಷ್ಟಲ್ಲ. ಮಕ್ಕಳಲ್ಲಿ ಏನೆಂದು ಇನ್ನೂ ನೋಡುತ್ತಿದ್ದಾರೆ. ಆ ತಂಡಕ್ಕೆ ಸೇರುವ ವಯಸ್ಸು ಹೊನ್ನಿಗೆ ದಾಟಿತ್ತು. ಅದಕ್ಕೂ ಮೊದಲೇ, ನೆರಳುಬಟ್ಟೆಗಳೂ ಸುಟ್ಟುಹೋದ ಆ ಬೇಸಿಗೆಯಲ್ಲಿ, ಅವಳಿಗೆ ಬಂದ ಮೂರ್ಛೆ ಗದಗಿನ ಆಸ್ಪತ್ರೆ ಮುಟ್ಟುವವರೆಗೂ ಇಳಿಯಲಿಲ್ಲ. ಮಗು ಉಳಿಯಿತು. ಮಾತು ಬಹಳ ಉಳಿಯಲಿಲ್ಲ. ನಾಲ್ಕು ವರ್ಷ ಮೊದಲೇ ಸೊಪ್ಪು ಸಿಕ್ಕಿದ್ದರೆ ಉಳಿಯುತ್ತಿತ್ತೇ ಎಂದು ಡಾಕ್ಟರನ್ನು ಕೇಳಿದೆ. ಅವರು ಗೊತ್ತಿಲ್ಲ ಎಂದರು. ಅಕ್ಕ ಆ ಗೊತ್ತಿಲ್ಲ ಎನ್ನುವ ಮಾತನ್ನೇ ಹೊತ್ತುಕೊಂಡು ಓಡಾಡುತ್ತಾಳೆ. ಈಗ ಮಠದಲ್ಲಿ ಅವಳು ಸೌಟು ಹಿಡಿಯುವುದಿಲ್ಲ. ಸಾಲಿನ ತುದಿಗೆ ಕೂತು, ಬಡಿಸಿದಷ್ಟು ಉಂಡು, ಎದ್ದು ಬರುತ್ತಾಳೆ.

ಹಿರಿಯರೇ, ನಿಮ್ಮ ಕಾಲದಲ್ಲಿ ಈ ಕೆಲಸ ಆಗಷ್ಟೇ ಶುರುವಾಗಿತ್ತೆಂದು ಕೇಳಿದ್ದೇನೆ. ಇಲಿ ಚೇತರಿಸಿಕೊಂಡಿತು ಎಂಬ ಸುದ್ದಿ ಕೇಳಿ ಮಗುವಿನ ಕೈಯ ಮಾತ್ರೆಯನ್ನು ಯಾರೂ ತೆಗೆಯದಿರಲಿ. ಇನ್ನೊಂದು ಮಾತು. ಉಣಿಸುವ ಕೈಗೆ ಏನು ಮಾಡಬೇಕೆಂದು ಹೇಳಿದರೆ ಸಾಲದು. ಒಂದು ಸಾಲನ್ನು ಯಾಕೆ ಬರಿದಾಗಿ ಬಿಡುತ್ತೇವೆ ಎಂದು ಕೂತು ತಿಳಿಸಿ ಹೇಳಿ. ನಮ್ಮ ಅಕ್ಕನಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಅವಳು ಅಳುತ್ತಲಾದರೂ ಆ ಇಲಿಗಳನ್ನು ನಡುಗಲು ಬಿಡುತ್ತಿದ್ದಳು.

ಕಳೆದ ವಾರ ಕಟ್ಟೆಯ ಮೇಲೆ ಕೂತು, ಈ ಇಲಿಗಳ ದೆಸೆಯಿಂದ ನಾನು ಇಪ್ಪತ್ತು ಲಕ್ಷ ಕಳೆದುಕೊಂಡೆ ಎಂದು ಮಂದಿಗೆ ಹೇಳುತ್ತಿದ್ದೆ. ಹೊನ್ನಿ ಪಕ್ಕದಲ್ಲಿದ್ದಳು. ನಾನು ಮಾತು ನಿಲ್ಲಿಸಿ ಅವಳ ಕಡೆ ತಿರುಗಿ ಕಾದೆ. ಅವಳು ನನ್ನ ಕೈ ಸವರಿ, "ಪಾಪ, ಮಾಮಾ" ಎಂದಳು. ನಂಬಿದ್ದಳು.

ಆದ್ದರಿಂದ ನಿಜವನ್ನು ನಿಮಗಾದರೂ ನಾನೇ ಹೇಳಬೇಕು. ಇಲಿ ಕಳಿಸಿದ ಡಾಕ್ಟರರ ಸಂಸ್ಥೆಯವರು ಹಿಡಿದುಕೊಂಡದ್ದು ನಾನು ಕಟ್ಟಿದ್ದ ಪಂಜರದ ಠೇವಣಿ ಒಂದೇ. ಆರುನೂರ ಐವತ್ತು ರೂಪಾಯಿ.