ಕ್ಷ ಎಲ್ಲಿ ಬರುತ್ತದೆ

ಶಾಖಾ ಗ್ರಂಥಾಲಯ, ಓದುವ ಕೋಣೆ
ಬುಧವಾರ, ಹದಿನಾಲ್ಕನೇ ತಾರೀಕು

ಗುಬ್ಬಿಗೆ,

ನಾನು ಕ್ಷೇಮ. ನೀನೂ ಕ್ಷೇಮವೆಂದು ಪತ್ರಿಕೆಯಲ್ಲಿ ಬಂದ ನಿನ್ನ ಫೋಟೊ ನೋಡಿ ತಿಳಿದುಕೊಂಡೆ. ನಿನ್ನ ಇಲಾಖೆಯ ನಮೂನೆ ಬಂದು ಮೂರು ವಾರವಾಯಿತು. ತಡವಾದದ್ದಕ್ಕೆ ಕ್ಷಮಿಸು ಎಂದು ಬರೆಯುವುದು ಪದ್ಧತಿ. ಬರೆಯುವುದಿಲ್ಲ. ನನಗೆ ಕೆಲಸವಿತ್ತು.

"ಗ್ರಂಥಾಲಯ ವಿಜ್ಞಾನದ ಪದವಿಯಿಂದ ತಾವು ಗಳಿಸಿದ ವೃತ್ತಿ ಸಾಮರ್ಥ್ಯಗಳನ್ನು ಕುರಿತು ಆತ್ಮಾವಲೋಕನ ಬರೆದು, ಒಂದರಿಂದ ಐದರವರೆಗೆ ಅಂಕ ಕೊಟ್ಟುಕೊಳ್ಳಿ." ಕೆಳಗೆ ನಿರ್ದೇಶಕರ ಸಹಿ, ಅಂದರೆ ನಿನ್ನದು. ಇಪ್ಪತ್ತೊಂಬತ್ತು ವರ್ಷ ಇದೇ ಮೇಜಿನ ಹಿಂದೆ ಕೂತ ಅಕ್ಕನನ್ನು 'ತಾವು' ಎಂದಿದ್ದೀಯ, ಹೊಟ್ಟೆ ತುಂಬಿತು. ಅದೇ ಲಕೋಟೆಯಲ್ಲಿ ಇನ್ನೊಂದು ಹಾಳೆ. ಸೋಮವಾರ ಲಾರಿ ಬರುತ್ತದೆ, ಸುದ್ದಿಸೂಚಿಯ ನಲವತ್ತೆಂಟು ಡ್ರಾಯರುಗಳನ್ನೂ ರದ್ದಿಗೆ ಒಪ್ಪಿಸಬೇಕು. ಅದಕ್ಕೂ ನಿನ್ನದೇ ಸಹಿ.

ಊರಿನ ಪತ್ರಿಕೆಗಳಲ್ಲಿ ಯಾವ ಸುದ್ದಿ ಯಾವ ದಿನ ಯಾವ ಪುಟದಲ್ಲಿ ಬಂತು ಎಂದು ಐವತ್ತು ವರ್ಷ ಕೈಯಲ್ಲಿ ಬರೆದಿಟ್ಟ ಕಾರ್ಡುಗಳವು. ಪತ್ರಿಕೆಗಳ ಸಂಪುಟಗಳು ಇಲ್ಲೇ ಉಳಿಯುತ್ತವೆ, ಸೂಚಿ ಮಾತ್ರ ಹೋಗುತ್ತದೆ. ಮನೆ ಬಿಟ್ಟು ಬಾಗಿಲು ಕಿತ್ತುಕೊಂಡು ಹೋಗುವ ಕೆಲಸ.

ನೀನು ಕಳಿಸಿದ ಪರಿಶೀಲಕ ಮಹಾಶಯ ಬಂದಿದ್ದ. ಡ್ರಾಯರುಗಳನ್ನು ಮುಟ್ಟಲೂ ಇಲ್ಲ, ಧೂಳಿಗೆ ಹೆದರಿ.

"ಮೇಡಂ, ಹೋದ ವರ್ಷ ಎಷ್ಟು ಜನ ಈ ಕಾರ್ಡುಗಳನ್ನ ಎರವಲು ತಗೊಂಡ್ರು?"

"ಕಾರ್ಡನ್ನ ಯಾರೂ ಮನೆಗೆ ಒಯ್ಯಲ್ಲಪ್ಪ. ನೋಡ್ತಾರೆ, ಬರ್ಕೊಳ್ತಾರೆ, ಹೋಗ್ತಾರೆ."

"ಹಾಗಾದ್ರೆ ಬಳಕೆ ಸೊನ್ನೆ ಅಂತ ಹಾಕ್ತೀನಿ."

"ಗೋಡೆ ಗಡಿಯಾರಾನ ಎಷ್ಟು ಜನ ಒಯ್ದ್ರು? ಅದಕ್ಕೂ ಸೊನ್ನೆ ಹಾಕು."

ಅವನು ನಗಲಿಲ್ಲ. ಎಲ್ಲವನ್ನೂ ಯಂತ್ರಕ್ಕೆ ಏರಿಸಿದ್ದೇವೆ, ಹುಡುಕಿ ನೋಡಿ ಎಂದ. 'ನೀರಿನ ಟ್ಯಾಂಕು ಕುಸಿತ' ಎಂದು ಒತ್ತಿದೆ. ಯಂತ್ರ ಒಂದೇ ಪದ ತೋರಿಸಿತು: ಇಲ್ಲ. ಆ ಟ್ಯಾಂಕು ಬಿದ್ದ ದಿನ ನಾವಿಬ್ಬರೂ ಶಾಲೆಯ ಜಗಲಿಯಲ್ಲಿ ನಿಂತು ನೋಡಿದ್ದೆವು. ನಿನ್ನ ಒಂದು ಚಪ್ಪಲಿ ನೀರಿನಲ್ಲಿ ತೇಲಿ ಹೋಗಿತ್ತು. ಏರಿಸಿದ್ದು ಎಂಟು ವರ್ಷದ ಪತ್ರಿಕೆ ಮಾತ್ರವಂತೆ. ಉಳಿದ ನಲವತ್ತೆರಡು ವರ್ಷ ಈ ಊರಲ್ಲಿ ಏನೂ ನಡೆದಿಲ್ಲ.

ಇರಲಿ, ಆತ್ಮಾವಲೋಕನಕ್ಕೆ ಬರುತ್ತೇನೆ. ನಿನ್ನ ನಮೂನೆಯಲ್ಲಿ 'ಸಂವಹನ ಕೌಶಲ' ಎಂಬ ಡಬ್ಬಿ ಇದೆ. ಹೋದ ತಿಂಗಳು ಮೂಲೆಯಂಗಡಿಯ ಕ್ಷೌರಿಕ ಬಂದು "ಕಣ್ಣಿನ ಬಗ್ಗೆ ಪುಸ್ತಕ ಇದೆಯಾ ಅಕ್ಕಾ" ಎಂದು ಕೇಳಿದ. ವೈದ್ಯಕೀಯದ ಕಪಾಟು ತೋರಿಸಿದ್ದರೆ ನಿನ್ನ ಲೆಕ್ಕಕ್ಕೆ ಒಂದು ಎರವಲು ಸಿಗುತ್ತಿತ್ತು. ನಾನು ಕೇಳಿದೆ, ಯಾರಿಗೆ? ಓದೋಕಾ, ತೋರಿಸೋಕಾ? ನಾಲ್ಕನೇ ಪ್ರಶ್ನೆಗೆ ಬಾಯಿಬಿಟ್ಟ. ಕಣ್ಣು ಹೋಗುತ್ತಿರುವುದು ಅವನದೇ, ಹೆಂಡತಿಗೆ ಇನ್ನೂ ಹೇಳಿಲ್ಲ, ಕುರುಡರಾದ ಮೇಲೂ ಕತ್ತರಿ ಹಿಡಿದವರು ಎಲ್ಲಾದರೂ ಇದ್ದಾರೆಯೇ ಎಂದು ತಿಳಿಯಬೇಕಿತ್ತು. ಇದ್ದರು. ಇಪ್ಪತ್ತು ವರ್ಷದ ಹಿಂದೆ ರೈಲು ನಿಲ್ದಾಣದ ಹತ್ತಿರ ಒಬ್ಬರು. ಸಿಕ್ಕಿದ್ದು ಕಾರ್ಡಿನಲ್ಲಿ. ಜನ ಕೇಳುವುದು ಒಂದು, ಅವರಿಗೆ ಬೇಕಾದದ್ದು ಇನ್ನೊಂದು. ಅವೆರಡರ ನಡುವೆ ನಿಲ್ಲುವುದನ್ನು ಆ ಪದವಿ ಕಲಿಸಿತು. ಇದಕ್ಕೆ ಎಷ್ಟು ಅಂಕ, ನಿರ್ದೇಶಕರೇ?

ಇನ್ನೊಂದನ್ನು ಕೆಮ್ಮಿನ ಮೇಷ್ಟ್ರು ಕಲಿಸಿದರು, ನನಗೂ, ಮೂರು ವರ್ಷದ ನಂತರ ನಿನಗೂ. ಮೊದಲ ದಿನವೇ ಹಲಗೆಯ ಮೇಲೆ ಎರಡು ಪದ ಬರೆದಿದ್ದರು: 'ಸಿಗಲಿಲ್ಲ', 'ಇಲ್ಲ'. "ಮೊದಲನೇದು ನಿಮ್ಮ ಬಗ್ಗೆ ಹೇಳೋ ಮಾತು, ಎರಡನೇದು ಲೋಕದ ಬಗ್ಗೆ. ಲೋಕದ ಬಗ್ಗೆ ಮಾತಾಡೋ ಅಧಿಕಾರ ನಿಮಗೆ ಯಾರು ಕೊಟ್ಟರು?" ಎಂದು ಕೆಮ್ಮುತ್ತ ಕೂತರು. ಎರಡು ವರ್ಷದ ಓದಿನಲ್ಲಿ ನನಗೆ ಉಳಿದದ್ದು ಇಷ್ಟೇ. ಇಷ್ಟು ಸಾಕಾಗಿತ್ತು.

ನೀನು ಇಲ್ಲಿ ತರಬೇತಿಗೆ ಬಂದದ್ದು ನೆನಪಿದೆಯೇ? ಹಳೆಯ ಗುಮಾಸ್ತರು ಬರೆದು ಗುಡ್ಡೆ ಹಾಕಿದ್ದ ಕಾರ್ಡುಗಳನ್ನು ಅಕ್ಷರಕ್ರಮದಲ್ಲಿ ಜೋಡಿಸಲು ನಿನಗೆ ಕೊಟ್ಟಿದ್ದೆ. ನೀನು ಮೇಲಿನ ಪದವನ್ನಷ್ಟೇ ನೋಡಿ ಸರಸರ ಜೋಡಿಸಿದೆ. ಕ್ಷ ಬಂದದ್ದನ್ನೆಲ್ಲ ಶಾಲೆಯ ಗೋಡೆಯ ಅಕ್ಷರಮಾಲೆಯಂತೆ ಕೊನೆಯ ಡ್ರಾಯರಿನಲ್ಲಿ, ಳ ಆದಮೇಲೆ ತುರುಕಿದ್ದೆ. "ಅದು ಕ-ಗೆ ಷ ಒತ್ತು ಕಣೇ, ಕ ಅಡಿಯಲ್ಲೇ ಬರುತ್ತೆ" ಎಂದು ನಾನು ನಕ್ಕಾಗ ಮುಖ ಕೆಂಪಾಗಿಸಿಕೊಂಡು ಎಲ್ಲವನ್ನೂ ತೆಗೆದು ಸರಿಯಾದ ಜಾಗಕ್ಕೆ ಹಾಕಿದೆ. ಹಾಕಿದೆ ಎಂದು ನೀನು ಹೇಳಿದೆ. ನಾನು ಮತ್ತೆ ನೋಡಲಿಲ್ಲ.

ಈಗ ನೀನು ಈ ಕೆಲಸವನ್ನು ಯಾರು ಬೇಕಾದರೂ ಮಾಡಬಹುದು ಎಂದು ಸುತ್ತೋಲೆ ಹೊರಡಿಸುತ್ತೀಯ. ನಿನ್ನ ನಮೂನೆಯನ್ನು ನಾನು ತುಂಬುವುದಿಲ್ಲ. ತುಂಬದವರನ್ನು ಗೋದಾಮಿಗೆ ಹಾಕುತ್ತಾರಂತೆ, ಹಾಕು. ಅಲ್ಲೂ ಏನಾದರೂ ಜೋಡಿಸಿಕೊಂಡಿರುತ್ತೇನೆ. ಲಾರಿಯನ್ನು ಮಾತ್ರ ನಿಲ್ಲಿಸು. ಡ್ರಾಯರುಗಳ ಬೀಗದ ಕೈ ನನ್ನ ಕೊರಳಲ್ಲಿದೆ, ಕೇಳಿದವರಿಗೆಲ್ಲ ಕೊಡುವ ಜಾತಿ ನಾನಲ್ಲ ಎಂಬುದು ನಿನಗೆ ಗೊತ್ತು.

ನಿನ್ನ ಯಜಮಾನರಿಗೆ ನಮಸ್ಕಾರ. ಮಗಳ ಪರೀಕ್ಷೆ ಚೆನ್ನಾಗಿ ಆಗಲಿ. ನಿನಗೂ ಒಳ್ಳೆಯದಾಗಲಿ, ಸಿಟ್ಟಿದ್ದರೂ ಅಕ್ಕ ಹಾರೈಸುವುದು ಅದನ್ನೇ.

ನಿನ್ನ
ಅಕ್ಕ

ತಾ.ಕ.: ಅಮ್ಮ ಆ ಆಸ್ಪತ್ರೆಯಲ್ಲಿ ಹೋದಾಗ ನಿನಗೆ ಒಂಬತ್ತು. ಕಾಯಿಲೆಯಿಂದಲೇ ಹೋದರು ಎಂದು ಆಸ್ಪತ್ರೆಯವರು ಬರೆದುಕೊಟ್ಟಿದ್ದರು. ಒಂದೆರಡು ವರ್ಷದ ಮೇಲೆ ಅಪ್ಪ ಬಸ್ಸಿನಲ್ಲಿ ಪಕ್ಕದವರ ಪತ್ರಿಕೆಯಲ್ಲಿ ಓದಿದರಂತೆ, ಆ ವಾರ್ಡಿನಲ್ಲಿ ಆಮ್ಲಜನಕ ತೀರಿ ಜನ ಸತ್ತಿದ್ದರು ಎಂದು. ಯಾರೂ ನಂಬಲಿಲ್ಲ. "ಅಣ್ಣಂಗೆ ಏನೇನೋ ನೆನಪಾಗುತ್ತೆ" ಎನ್ನುತ್ತಿದ್ದರು ಚಿಕ್ಕಪ್ಪ. ನಿನ್ನ ಪದವಿ ಮುಗಿದ ವರ್ಷ, ನಾನು ಊರಲ್ಲಿಲ್ಲದೆ ನೀನು ನನ್ನ ಬದಲಿಗೆ ಕೂತಿದ್ದ ವಾರ, ಅಪ್ಪ ಈ ಮೇಜಿನ ಮುಂದೆ ಬಂದು ನಿನ್ನನ್ನು ಕೇಳಿದರು. ನೀನು ಕ ಡ್ರಾಯರು ಎಳೆದು ನೋಡಿ "ಇಲ್ಲಪ್ಪ, ಅಂಥ ಸುದ್ದಿ ಬಂದೇ ಇಲ್ಲ" ಎಂದೆ. ನಾನು ಬಂದಮೇಲೆ ನನ್ನನ್ನೂ ಕೇಳಿದರು. "ಅವಳು ನೋಡಿ ಇಲ್ಲ ಅಂದ್ಮೇಲೆ ಇಲ್ಲ, ಬಿಡಿ" ಎಂದೆ. ಎದ್ದು ನೋಡಲಿಲ್ಲ. "ಇಬ್ಬರೂ ಓದಿದೋರು ಹೇಳ್ತಿದ್ದೀರಿ. ನಾನೇ ಕಲ್ಪಿಸ್ಕೊಂಡಿರ್ಬೇಕು" ಎಂದರು. ಆಮೇಲೆ ಸಾಯುವತನಕ ಆ ಮಾತು ಎತ್ತಲಿಲ್ಲ.

ಹನ್ನೊಂದು ವರ್ಷದ ಹಿಂದೆ ಕೊನೆಯ ಡ್ರಾಯರು ಒರೆಸುವಾಗ ಳ ಹಿಂದೆ ಮೂರು ಕಾರ್ಡು ಸಿಕ್ಕವು. ನಡುವಿನದು: 'ಕ್ಷಯರೋಗ ಆಸ್ಪತ್ರೆ: ಆಮ್ಲಜನಕ ಕೊರತೆ, ಮೂವರ ಸಾವು, ದಾದಿಯ ಹೇಳಿಕೆ.' ತಾರೀಕು, ಪುಟ ಎಲ್ಲ ಇದೆ. ಸಂಪುಟ ತೆಗೆದು ನೋಡಿದೆ. ಎರಡನೆಯ ಹೆಸರು ಅಮ್ಮನದು. ನಿನಗೆ ಇಷ್ಟು ದಿನ ಹೇಳಲಿಲ್ಲ. ಹೇಳಿದರೆ ನನ್ನದನ್ನೂ ಹೇಳಬೇಕಿತ್ತು.

ಕಾರ್ಡನ್ನು ಇದರ ಜೊತೆ ಕಳಿಸುತ್ತಿಲ್ಲ. ಅದು ಈಗ ಅದರ ಜಾಗದಲ್ಲಿದೆ. ಸೋಮವಾರದೊಳಗೆ ಬಂದು ನೀನೇ ತೆಗೆದು ನೋಡು. ಕ ಡ್ರಾಯರು.