ಈಶ್ವರಿಯ ಅಳತೆಯ ಕವಚ

8 ಆಗಸ್ಟ್ 1993, ಭಾನುವಾರ

ಹನ್ನೊಂದನೇ ಸಲ ಕ್ಯಾಸೆಟ್ ಹಾಕಿದೆ. ಎರಡು ಗಂಟೆಯ ಇಂಗ್ಲಿಷ್ ಸಿನಿಮಾದಲ್ಲಿ ಕವಚ ತೊಟ್ಟ ಆ ಕಾವಲುಗಾರ ಕಾಣಿಸುವುದು ಒಟ್ಟು ನಲವತ್ತು ಸೆಕೆಂಡ್. ಪಾಜ್ ಒತ್ತಿ ನಿಲ್ಲಿಸಿದರೆ ಚಿತ್ರ ನಡುಗುತ್ತದೆ. ಆದರೂ ಟಿವಿ ಗಾಜಿನ ಮೇಲೆ ಸ್ಕೇಲ್ ಇಟ್ಟು ಅಳೆದೆ. ಎದೆಕವಚದ ಮೇಲೆ ರಿವೆಟ್ ಒಂಬತ್ತು. ಹತ್ತಲ್ಲ. ಬಣ್ಣ ಸೀಸದ್ದು, ಅಂಚಿನಲ್ಲಿ ಮಾತ್ರ ಸ್ವಲ್ಪ ಹಸಿರು. ಎದುರಿನಿಂದ ಒಂದು ಕೊಂಡಿಯೂ ಕಾಣುವುದಿಲ್ಲ, ಹಾಗಾದರೆ ಎಲ್ಲ ಬೆನ್ನ ಕಡೆಯೇ.

ವಿಡಿಯೋ ಲೈಬ್ರರಿ ರಹೀಮ್ ಭಾಯ್ ರೇಗಿದರು. ಅದೇ ಜಾಗದಲ್ಲಿ ನಿಲ್ಲಿಸಿ ನಿಲ್ಲಿಸಿ ಟೇಪು ಸವೆದಿದೆಯಂತೆ. ಸವೆಯಲಿ.

ಅಂಥದೇ ಕವಚ ಮಾಡುವುದು ನನಗೆ ಕಷ್ಟವಲ್ಲ. ಫೈಬರ್ ಫ್ಯಾಕ್ಟರಿಯಲ್ಲಿ ದಿನವೂ ಅದೇ ಕೆಲಸ — ಅಂಟಿನಂಥ ರೆಸಿನ್, ಅದನ್ನು ಗಟ್ಟಿ ಮಾಡುವ ಹಾರ್ಡನರ್, ಗಾಜಿನ ನಾರಿನ ಮ್ಯಾಟ್. ನೀರಿನ ಟ್ಯಾಂಕು ಮಾಡುವ ಕೈ ಕವಚ ಮಾಡಲಾರದೇ? ಕಷ್ಟ ಇರುವುದು ಒಳಗಿನ ಮೈಯದು. ನಾನು ಐದಡಿ ಮೂರಂಗುಲ. ನಾನು ಹಾಕಿಕೊಂಡರೆ ಕಾವಲುಗಾರನಲ್ಲ, ಡ್ರಮ್ಮು.

ಆ ಅಳತೆಯ ಮೈ ನಮ್ಮ ಮನೆಯಲ್ಲೇ ಇದೆ. ತಂಗಿ ಈಶ್ವರಿ. ಐದಡಿ ಹತ್ತೂವರೆ. ಅಗಲ ಹೆಗಲು, ನೆಟ್ಟಗಿನ ಬೆನ್ನು. ಇಪ್ಪತ್ತನಾಲ್ಕು ತುಂಬಿತು. ಏಳು ಗಂಡುಗಳು ಬಂದು ಕಾಫಿ ಕುಡಿದು, ಅವಳು ಎದ್ದು ನಿಂತ ಮೇಲೆ ಮುಖ ಮುಖ ನೋಡಿಕೊಂಡು ಹೋದರು. ಅಮ್ಮ ಅದನ್ನು ಶಾಪ ಅನ್ನುತ್ತಾಳೆ. ನನಗೆ ಮಾತ್ರ ದೇವರು ಇಷ್ಟು ಸರಿಯಾಗಿ ಅಳತೆ ತೆಗೆದುಕೊಂಡು ಯಾರನ್ನೂ ಮಾಡಿಲ್ಲ ಅನ್ನಿಸುತ್ತದೆ.

15 ಆಗಸ್ಟ್, ಭಾನುವಾರ

ಈಶ್ವರಿಯ ಮೈಯ ಅಚ್ಚು ತೆಗೆದೆ. ಮೈಗೆ ಹತ್ತುವ ಹಾಗೆ ಹಳೇ ಬನಿಯನ್, ಲಂಗ, ಮೇಲೆ ವ್ಯಾಸಲೀನ್. ಅಮ್ಮ ಪಕ್ಕದಲ್ಲೇ ಕೂತು ಅಲಸಂದೆಕಾಯಿ ಬಿಡಿಸುತ್ತಿದ್ದಳು. ನೂಲಿನ ಬಟ್ಟೆ ಅದ್ದಿ ಅದ್ದಿ ಪ್ಲಾಸ್ಟರ್ ಹಚ್ಚಿದೆ. ಆತುರದಲ್ಲಿ ಎಡಗಡೆ ದಪ್ಪವಾಯಿತು. ಪ್ಲಾಸ್ಟರ್ ಗಟ್ಟಿಯಾಗುವಾಗ ಬಿಸಿಯಾಗುತ್ತದೆ, ದಪ್ಪಗಿದ್ದಷ್ಟು ಬಿಸಿ ಹೆಚ್ಚು. ಈಶ್ವರಿ ಸುಡ್ತಿದೆ ಅಂದಳು. ಅಲ್ಲಾಡಿದರೆ ಎಲ್ಲ ಹಾಳು, ಸುಮ್ಮನಿರು ಅಂದೆ. ಇದ್ದಳು. ಹಲ್ಲು ಕಚ್ಚಿಕೊಂಡು ಇಪ್ಪತ್ತು ನಿಮಿಷ.

ಬಿಡಿಸಿದಾಗ ಪಕ್ಕೆಯ ಮೇಲೆ ಅಂಗೈಯಗಲ ಕೆಂಪಗೆ ಬೊಬ್ಬೆ. ಅಮ್ಮ ನನಗೆ ಶಾಪ ಹಾಕುತ್ತಾ ಬರ್ನಾಲ್ ಹುಡುಕಿದಳು. ಅಚ್ಚಿನಲ್ಲಿ ಒಂದು ಬಿರುಕಿಲ್ಲ.

29 ಆಗಸ್ಟ್

ಶಿರಸ್ತ್ರಾಣ ಕೂರುತ್ತಿಲ್ಲ. ಅವಳ ಕೂದಲೇ ಅಡ್ಡ. ಮೊಣಕಾಲು ಮುಟ್ಟುವ ಜಡೆ, ಸುತ್ತಿ ಕಟ್ಟಿದರೆ ತಲೆ ಎರಡಾಗುತ್ತದೆ. ಕತ್ತರಿಸು ಅಂದೆ. ಅತ್ತಳು. ಸಿನಿಮಾದಲ್ಲಿ ತಲೆ ಕುಂಬಳಕಾಯಿ ಹಾಗಿಲ್ಲ, ನೋಡು ಅಂತ ಪಾಜ್ ಮಾಡಿ ತೋರಿಸಿದೆ. ಬಹಳ ಹೊತ್ತು ನೋಡಿದಳು. ಕೊನೆಗೆ ತಾನೇ ಕತ್ತರಿ ತಂದುಕೊಟ್ಟಳು.

ನಮ್ಮ ಮನೆಯ ಪವರ್‌ಲೂಮ್ ಮಗ್ಗದ ಬೆಲ್ಟಿಗೆ ಜಡೆ ಸಿಕ್ಕಿತ್ತು, ಕತ್ತರಿಸದಿದ್ದರೆ ತಲೆಯೇ ಹೋಗುತ್ತಿತ್ತು ಅಂತ ಅಮ್ಮನಿಗೆ ಹೇಳಿದೆವು. ಅಮ್ಮ ಮಗಳ ಜೀವ ಉಳಿಯಿತು ಅಂತ ಚೌಡೇಶ್ವರಿ ಗುಡಿಗೆ ಹೋಗಿ ತುಪ್ಪದ ದೀಪ ಹಚ್ಚಿ ಬಂದಳು. ನಗು ತಡೆಯುವುದು ಕಷ್ಟವಾಯಿತು.

1 ನವೆಂಬರ್, ಸೋಮವಾರ

ರಾಜ್ಯೋತ್ಸವದ ಮೆರವಣಿಗೆ. ಸ್ತಬ್ಧಚಿತ್ರಗಳ ಹಿಂದೆ ನಮ್ಮ ಕಾವಲುಗಾರ. ಬಸ್ ಸ್ಟ್ಯಾಂಡಿನಿಂದ ತೇರಿನ ಬೀದಿವರೆಗೆ ನಡೆದ! ಜನ ಜನ ಜನ. ಒಳಗೆ ಯಾರು ಅಂತ ಯಾರಿಗೂ ಗೊತ್ತಿಲ್ಲ. ಬೆಂಗಳೂರಿನಿಂದ ಜಟ್ಟಿ ಕರೆಸಿದ್ದಾರೆ ಅಂತ ಒಬ್ಬ, ಪೊಲೀಸಿನವನು ಅಂತ ಇನ್ನೊಬ್ಬ.

ಮನೆಗೆ ಬಂದು ಬೆನ್ನ ಬೋಲ್ಟು ಬಿಚ್ಚಿದೆ. ಬೆವರಿನಲ್ಲಿ ಮಿಂದಿದ್ದಳು. ಕತ್ತಿನ ಸುತ್ತ ಫೈಬರ್ ತುರಿಕೆಯ ಗುಳ್ಳೆ. ಆದರೂ ನಗುತ್ತಿದ್ದಳು.

"ಅಣ್ಣ, ಇವತ್ತು ಯಾರೂ ನನ್ನ ಉದ್ದ ಅನ್ಲಿಲ್ಲ ಕಣೋ."

ನಾನು ಮೊಣಕಾಲಿನ ಪಟ್ಟಿ ನೋಡುತ್ತಿದ್ದೆ. ಎರಡು ಕಡೆ ಬಣ್ಣ ಎದ್ದಿದೆ. ಅವಳ ನಡಿಗೆಯೇ ಸರಿಯಿಲ್ಲ, ಅದಕ್ಕೇ ಉಜ್ಜುತ್ತದೆ. ಹೇಳಿದೆ. ನಗು ನಿಲ್ಲಿಸಿದಳು.

12 ಡಿಸೆಂಬರ್, ಭಾನುವಾರ

ಮೆರವಣಿಗೆಯ ಫೋಟೋ ಯಾರೋ ಗಾಂಧಿನಗರಕ್ಕೆ ತಲುಪಿಸಿದ್ದಾರೆ. ಒಬ್ಬ ಕಲಾ ನಿರ್ದೇಶಕರು ಕಾಗದ ಬರೆದಿದ್ದಾರೆ! ಮಾರ್ಚಿನಲ್ಲಿ ಬಂದು ನೋಡುತ್ತಾರಂತೆ. ಚೆನ್ನಾಗಿದ್ದರೆ ಇಂಥವೇ ಕೆಲಸ ಪೂರ್ತಿ ನನಗೆ. ಫ್ಯಾಕ್ಟರಿಯ ಟ್ಯಾಂಕು, ಫೈಬರ್ ಸೀಟು ಎಲ್ಲಕ್ಕೂ ಒಂದು ನಮಸ್ಕಾರ. ಕಾಗದ ದಿಂಬಿನ ಕೆಳಗಿಟ್ಟುಕೊಂಡಿದ್ದೇನೆ.

ಮೂರು ತಿಂಗಳು ಇದೆ. ಎದೆಕವಚ ಮತ್ತೆ ಮಾಡುತ್ತೇನೆ. ಈಗಿನದು ಕಾಲಂಗುಲ ಅಗಲ.

2 ಜನವರಿ 1994

ಶನಿ ವಕ್ಕರಿಸಿತು. ದಲ್ಲಾಳಿ ಬೈಲಪ್ಪ ಒಂದು ಗಂಡು ತಂದಿದ್ದಾನೆ. ದೇವನಹಳ್ಳಿ ಕಡೆಯ ಚನ್ನರಾಯಪಟ್ಟಣದ ಆದಿನಾರಾಯಣಪ್ಪನವರ ಮಗ ಶಶಿಕುಮಾರ್. ಹೈಸ್ಕೂಲ್ ಮೇಷ್ಟ್ರು. ಆರಡಿ ಒಂದಂಗುಲ!

ಇವತ್ತು ಬಂದು ನೋಡಿದರು. ಈಶ್ವರಿ ತಲೆಗೆ ಸೆರಗು ಹೊದ್ದು ತಗ್ಗಿ ಕೂತಿದ್ದಳು. ಆತ ಮೆಲ್ಲಗೆ, ನೆಟ್ಟಗೆ ಕೂತ್ಕೊಳ್ಳಿ, ನಾನೇನೂ ಗಿಡ್ಡ ಇಲ್ಲ ಅಂದ. ಎಲ್ಲರೂ ನಕ್ಕರು. ಜಡೆ ಯಾಕಿಲ್ಲ ಅಂತ ಅವರಮ್ಮ ಕೇಳಿದ್ದಕ್ಕೆ ಅಮ್ಮ ಮಗ್ಗದ ಕಥೆ ಹೇಳಿದಳು. ಅದಕ್ಕೂ ಆತ, ಕೂದಲು ಬೆಳೆಯುತ್ತೆ ಬಿಡಮ್ಮ ಅಂದ.

ಅವರು ಹೋದ ಮೇಲೆ ಈಶ್ವರಿ ಹಿತ್ತಲಿಗೆ ಬಂದಳು. ನಾನು ಉಪ್ಪುಕಾಗದ ಉಜ್ಜುತ್ತಿದ್ದೆ.

"ಅಣ್ಣ, ಮೊದ್ಲನೇ ಸಲ ಒಬ್ರ ಮುಖನ ತಲೆ ಎತ್ತಿ ನೋಡ್ದೆ."

ಮದುವೆ ಫೆಬ್ರವರಿ ಕೊನೆಗಂತೆ. ನನ್ನ ಮಾರ್ಚ್ ಯಾರಿಗೆ ಬೇಕು?

4 ಜನವರಿ

ಅಮ್ಮನನ್ನು ಕೇಳಿದೆ, ಏಪ್ರಿಲ್‌ಗೆ ಹಾಕಲಿ ಅಂತ. ಹುಚ್ಚು ಹಿಡಿದಿದೆಯೇನೋ, ಬಂದ ಭಾಗ್ಯಾನ ಕಾಲಲ್ಲಿ ಒದೀತಾರಾ ಅಂದಳು. ಮದುವೆಯಾದ ಮೇಲೆ ಕವಚ ಹಾಕಲು ಒಂದು ದಿನ ಕಳಿಸಿ ಅಂದರೆ ಮೇಷ್ಟ್ರ ಹೆಂಡತಿಯನ್ನು ಯಾರು ಕಳಿಸುತ್ತಾರೆ? ಬೇರೆ ಮೈಗೆ ಹೊಸ ಅಚ್ಚು ತೆಗೆದು ಎಲ್ಲ ಮೊದಲಿನಿಂದ ಮಾಡಲು ಮೂರು ತಿಂಗಳಾದರೂ ಬೇಕು. ಆ ಮೈಯಾದರೂ ಎಲ್ಲಿದೆ?

7 ಜನವರಿ, ಶುಕ್ರವಾರ

ಬರೆದೆ. ಗಂಡಿನ ತಂದೆಗೆ ಮೂಕರ್ಜಿ. ಹೆಸರಿಲ್ಲ, 'ನಿಮ್ಮ ಹಿತೈಷಿ' ಅಷ್ಟೇ.

ನಡತೆಯ ಮಾತು ಬರೆಯಬಹುದಿತ್ತು. ಅದು ನಮ್ಮ ಮನೆಗೂ ಅಂಟುತ್ತದೆ, ನಾಳೆ ನನಗೆ ಯಾರು ಹೆಣ್ಣು ಕೊಡುತ್ತಾರೆ? ಕಾಯಿಲೆ ವಾಸಿ. ಕಾಯಿಲೆ ಯಾರ ತಪ್ಪೂ ಅಲ್ಲ. ಹುಡುಗಿಗೆ ಮೂರ್ಛೆರೋಗ ಇದೆ, ಅಮಾವಾಸ್ಯೆಗೆ ಬಿದ್ದು ಒದ್ದಾಡುತ್ತಾಳೆ, ಬಾಯಲ್ಲಿ ನೊರೆ ಬರುತ್ತದೆ, ಕೂದಲು ಕತ್ತರಿಸಿದ್ದೂ ಮಂತ್ರವಾದಿ ಹೇಳಿದ್ದಕ್ಕೇ ಹೊರತು ಮಗ್ಗಕ್ಕೆ ಸಿಕ್ಕಿ ಅಲ್ಲ, ಕೈಹಿಡಿದ ಮೇಲೆ ಅತ್ತು ಪ್ರಯೋಜನವಿಲ್ಲ. ಕೂದಲಿನದು ಬರೆಯುವಾಗಲೇ ಹೊಳೆಯಿತು. ಒಳ್ಳೆಯ ಕೆಲಸಕ್ಕೆ ಇಂಥ ಸಣ್ಣ ವಿವರವೇ ಮುಖ್ಯ.

ಊಟದ ಬಿಡುವಿನಲ್ಲಿ ಕವರಿಗೆ ಅಂಟು ಹುಡುಕಿದೆ. ಸಿಗಲಿಲ್ಲ. ಕಪ್ಪಿನಲ್ಲಿ ಉಳಿದಿದ್ದ ರೆಸಿನ್ ಸವರಿ ಮುಚ್ಚಿದೆ. ಗಟ್ಟಿ ಕೂತಿತು. ನಮ್ಮೂರ ಅಂಚೆ ಮುದ್ರೆ ಬೀಳದ ಹಾಗೆ, ದೇವನಹಳ್ಳಿಗೆ ಹೋಗುವ ಟ್ಯಾಂಕಿನ ಲೋಡಿನ ಜೊತೆ ಹೋಗಿ ಅಲ್ಲೇ ಡಬ್ಬಿಗೆ ಹಾಕಿ ಬಂದೆ.

 ಬರುವಾಗ ಲಾರಿಯಲ್ಲಿ ಕೂತು ಹೊಸ ಎದೆಕವಚದ ಅಳತೆ ಬರೆದುಕೊಂಡೆ.

19 ಜನವರಿ

ಬೈಲಪ್ಪ ಬಂದ. ಸಂಬಂಧ ಬೇಡವಂತೆ. ಅಮ್ಮ ನಡುಮನೆಯಲ್ಲಿ ಕುಸಿದು ಕೂತಳು. ಯಾರೋ ಮನೆಹಾಳರು ಕಾಗದ ಬರೆದವರೆ ಅಂತ ಕವರನ್ನೂ ಕಾಗದವನ್ನೂ ಅಮ್ಮನ ಮುಂದೆ ಇಟ್ಟ.

"ಇದೇನ್ ಕವರೋ ಹಲಗೆನೋ ಗೊತ್ತಾಗ್ಲಿಲ್ಲ ಕಣಮ್ಮ. ಹರಿಯಾಕೇ ಬರ್ಲಿಲ್ಲ. ಆದಿನಾರಾಯಣಪ್ಪೋರು ಅಡಕತ್ತರೀಲಿ ಕತ್ತರಿಸಿದ್ರು."

ಕವರಿಗೆ ಹಚ್ಚಿದ್ದು ರೆಸಿನ್ ಅಂತ ಆಗ ನೆನಪಾಯಿತು. ಅಮ್ಮನಿಗೆ ಓದು ಬರುವುದಿಲ್ಲ. ಈಶ್ವರಿ ಕಾಗದ ಎತ್ತಿಕೊಂಡು ಓದಿದಳು. ಆಮೇಲೆ ಕವರು ತೆಗೆದುಕೊಂಡಳು. ಅಂಚಿನ ಮೇಲೆ ಹೆಬ್ಬೆರಳು ಆಡಿಸಿದಳು. ಮೂಗಿನ ಹತ್ತಿರ ಹಿಡಿದಳು. ಐದು ತಿಂಗಳು ಅದೇ ವಾಸನೆಯೊಳಗೆ ಇದ್ದವಳು.

ನನ್ನ ಕಡೆ ನೋಡಲೇ ಇಲ್ಲ. ಎರಡನ್ನೂ ಎತ್ತಿಕೊಂಡು ಒಳಗೆ ಹೋದಳು.

30 ಜನವರಿ

ಈಶ್ವರಿ ಏನೂ ಅನ್ನಲಿಲ್ಲ. ಹನ್ನೊಂದು ದಿನ ಆಯಿತು. ಗೊತ್ತಾಗಿಲ್ಲವೋ ಏನೋ. ಗೊತ್ತಾಗಿದ್ದರೆ ಇಷ್ಟು ಹೊತ್ತಿಗೆ ಮನೆ ಎರಡು ಮಾಡುತ್ತಿದ್ದಳು.

ಮಾತು ಮಾತ್ರ ಊರು ತುಂಬಿದೆ. ಬೈಲಪ್ಪ ಇನ್ನೆರಡು ಕಡೆ ಕೇಳಿದನಂತೆ, ಮೂರ್ಛೆ ಹುಡುಗೀನಾ ಅಂದರಂತೆ. ಮಗ್ಗದ ಮನೆಯಲ್ಲಿ ನೂಲು ಸುತ್ತುವ ಸೊಣ್ಣಮ್ಮ ಅವಳು ಬಂದಾಗ ಕಬ್ಬಿಣದ ಕೀಲಿಕೈ ಹತ್ತಿರ ಇಟ್ಟುಕೊಳ್ಳುತ್ತಾಳೆ, ಬಿದ್ದರೆ ಕೈಗೆ ಕೊಡಲು. ಇಷ್ಟು ಬೇಕಿರಲಿಲ್ಲ. ಒಂದು ಸಂಬಂಧ ತಪ್ಪಿದ್ದರೆ ಸಾಕಿತ್ತು.

ಇರಲಿ. ಮಾರ್ಚ್ ಕಳೆಯಲಿ, ನಾನೇ ಒಳ್ಳೆಯ ಕಡೆ ನೋಡಿ ಮಾಡುತ್ತೇನೆ.

13 ಫೆಬ್ರವರಿ

ಈಶ್ವರಿ ತಾನಾಗಿ ಹಿತ್ತಲಿಗೆ ಬಂದು, ಹಾಕಿ ನೋಡೋಣ ಅಂದಳು! ಹೊಸ ಎದೆಕವಚ ಕೂತಿತು. ಪಕ್ಕೆಯ ಹಳೇ ಸುಟ್ಟ ಗಾಯದ ಮೇಲೆ ಒತ್ತುತ್ತದೆ, ಆದರೂ ಹಿತ್ತಲು ಪೂರ್ತಿ ನಡೆದು ತೋರಿಸಿದಳು. ನಡಿಗೆ ತಿದ್ದಿಕೊಂಡಿದ್ದಾಳೆ. ನಾಲ್ಕು ಸಲ ಕ್ಯಾಸೆಟ್ ನೋಡಿದಳಂತೆ.

ಇಷ್ಟು ವಿಧೇಯಳಾಗಿ ಎಂದೂ ಇರಲಿಲ್ಲ. ಮದುವೆಯ ಗುಂಗು ಬಿಟ್ಟಿತು, ಒಳ್ಳೆಯದಾಯಿತು.

6 ಮಾರ್ಚ್, ಭಾನುವಾರ

ಧ್ವನಿ ಒಂದು ಬಾಕಿ ಇತ್ತು. ಸಿನಿಮಾದಲ್ಲಿ ಕಾವಲುಗಾರ ಒಂದೇ ಮಾತು ಆಡುತ್ತಾನೆ, ಕಾಳು ತುಂಬುವ ಹಗೇವಿನೊಳಗಿಂದ ಬಂದ ಹಾಗೆ. ಹಾಲಿನ ಪುಡಿ ಡಬ್ಬದ ಮುಚ್ಚಳಕ್ಕೆ ತೂತು ಹೊಡೆದು ಬಾಯ ಹತ್ತಿರ ಕೂರಿಸಿದೆ. ಚೆನ್ನಾಗಿದೆ, ಆದರೆ ಮೆಲ್ಲಗೆ. ಅದಕ್ಕೆ ಈಶ್ವರಿಯೇ, ಇನ್ನೂ ದೂರ ಕೇಳ್ಬೇಕಲ್ವಾ ಅಣ್ಣ, ಬೀದಿ ತುದಿಗೆ ಅಂದಳು. ಟೇಪ್ ರೆಕಾರ್ಡರಿನ ಮೈಕು, ಸಣ್ಣ ಸ್ಪೀಕರ್ ಹಾಕಿದೆ. ಹಿತ್ತಲಲ್ಲಿ ಉಸಿರು ಬಿಟ್ಟರೆ ಆ ಕಡೆ ಬೀದಿಯ ನಾಯಿ ಬೊಗಳಿತು.

ಈಗ ಅವಳಿಗೂ ಅರ್ಥವಾಗಿದೆ, ಸರಿಯಾಗಿ ಮಾಡುವುದು ಅಂದರೆ ಏನು ಅಂತ. ಮನಸ್ಸು ತುಂಬಿ ಬಂತು.

20 ಮಾರ್ಚ್, ಭಾನುವಾರ, ಸಂಜೆ

ಬರೆಯಲೇಬೇಕು. ಯಾರ ಹತ್ತಿರ ಹೇಳಲಿ.

ಹತ್ತು ಗಂಟೆಗೆ ಕಲಾ ನಿರ್ದೇಶಕರು ಕಾರಿನಲ್ಲಿ ಬಂದರು. ಜೊತೆಗೆ ಒಬ್ಬ ಫೋಟೋದವನು. ಮನೆ ಮುಂದೆ ಅರ್ಧ ಊರು. ರಹೀಮ್ ಭಾಯ್ ಅಂಗಡಿ ಮುಚ್ಚಿ ಬಂದಿದ್ದರು. ಬೈಲಪ್ಪ ಜಗಲಿಯ ಮೇಲೆ. ಅಮ್ಮ ಹೊಸಿಲ ಹತ್ತಿರ.

ಎಂಟು ಬೋಲ್ಟು ಬಿಗಿದೆ. ಶಿರಸ್ತ್ರಾಣಕ್ಕೆ ನಾಲ್ಕು. ಕಾವಲುಗಾರ ಅಂಗಳಕ್ಕೆ ಇಳಿದ. ಬೆಳಕು ಆ ಸೀಸದ ಬಣ್ಣದ ಮೇಲೆ ಬಿದ್ದಾಗ — ಅದೇ! ನಲವತ್ತು ಸೆಕೆಂಡಿನಲ್ಲಿ ಮೂವತ್ತೆರಡನೆಯದು, ಹಾಗೇ. ಕಲಾ ನಿರ್ದೇಶಕರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ನನ್ನ ಜನ್ಮ ಸಾರ್ಥಕ ಅನ್ನಿಸಿತು.

ಮಾತಾಡಿಸ್ರಿ ಅಂದರು. ನಾನು ಕೈ ಸನ್ನೆ ಮಾಡಿದೆ. ಸಿನಿಮಾದ ಒಂದು ಮಾತು ಹೇಳಬೇಕಿತ್ತು.

'ಶ್ರೀಯುತ ಆದಿನಾರಾಯಣಪ್ಪನವರಿಗೆ' ಅಂತ ಶುರುವಾಯಿತು.

ಮೊದಲು ಅರ್ಥವಾಗಲಿಲ್ಲ. ಹುಡುಗಿಗೆ ಮೂರ್ಛೆರೋಗ ಇದೆ... ಬಾಯಲ್ಲಿ ನೊರೆ... ಮಂತ್ರವಾದಿ... ಒಂದು ಅಕ್ಷರ ಬಿಡದೆ. ನನ್ನದೇ ಕಾಗದ, ಬಾಯಿಪಾಠ. ಡಬ್ಬದ ಮುಚ್ಚಳ, ಮೈಕು, ಸ್ಪೀಕರು ಎಲ್ಲ ಎಷ್ಟು ಚೆನ್ನಾಗಿ ಕೆಲಸ ಮಾಡಿದವು ಅಂದರೆ ಬೀದಿ ತುದಿಯ ಹೋಟೆಲಿನವರು ಎದ್ದು ಬಂದರು. ಸ್ಪ್ಯಾನರ್ ತೆಗೆದುಕೊಂಡು ಬೆನ್ನ ಹಿಂದೆ ಓಡಿದೆ. ಒಂದು ಬೋಲ್ಟಿಗೆ ಕೈ ಹಾಕಿದೆ. ಕಲಾ ನಿರ್ದೇಶಕರು ಬಿಡ್ರಿ ಅಂದರು, ಯಾವುದೋ ಪಾರ್ಟು ಹೇಳುತ್ತಿದ್ದಾಳೆ ಅಂದುಕೊಂಡು. ಚೆನ್ನಾಗಿ ಬರ್ತಾ ಇದೆ, ಬಿಡ್ರಿ.

ನಿಮ್ಮ ಹಿತೈಷಿ ಅನ್ನುವವರೆಗೂ ಬಂದಳು. ನಿಂತಳು. ಆಮೇಲೆ ಅವಳದೇ ಮಾತು.

"ನಂಗೆ ಯಾವ ಮೂರ್ಛೆನೂ ಇಲ್ಲ. ಇದನ್ನ ಬರ್ದು ರೆಸಿನ್ ಹಾಕಿ ಅಂಟ್ಸಿದೋನು ನನ್ನ ಹಿಂದೆ ನಿಂತವ್ನೆ. ಕೈಲಿ ಸ್ಪ್ಯಾನರ್ ಐತೆ, ನೋಡ್ಕೊಳಿ."

ಎಲ್ಲರೂ ನೋಡಿದರು. ಸ್ಪ್ಯಾನರ್ ಕೆಳಗೆ ಹಾಕಲೂ ತೋಚಲಿಲ್ಲ. ಬೈಲಪ್ಪ ಜಗಲಿಯಿಂದ ಇಳಿದು ಬಂದು ನನ್ನ ಕಾಲ ಹತ್ತಿರ ಉಗಿದು ಹೋದ. ರಹೀಮ್ ಭಾಯ್ ತಲೆ ತಗ್ಗಿಸಿ ಹೊರಟರು. ಕಾರಿನ ಬಾಗಿಲು ಹಾಕಿದ ಸದ್ದು. ಕಲಾ ನಿರ್ದೇಶಕರು ಒಂಬತ್ತು ರಿವೆಟ್ ಎಣಿಸಲೂ ಇಲ್ಲ.

ಅವಳ ಬೋಲ್ಟು ಬಿಚ್ಚಲು ಹೋದೆ. ಮುಟ್ಟಬೇಡ ಅಂದಳು. ಆ ಧ್ವನಿಯಲ್ಲೇ. ಅಮ್ಮ ಬಂದು ನನ್ನ ಕೈಯಿಂದ ಸ್ಪ್ಯಾನರ್ ತೆಗೆದುಕೊಂಡಳು. ಮಗ್ಗ ಬಿಚ್ಚಿ ಗೊತ್ತಿರುವ ಕೈ. ಒಂದೊಂದೇ ಬಿಚ್ಚಿದಳು. ಎದೆಕವಚ ತೆಗೆದಾಗ ಪಕ್ಕೆಯ ಗಾಯ ಒಡೆದು ಬಟ್ಟೆಗೆ ಅಂಟಿತ್ತು. ಅಮ್ಮ ನೀರು ತಂದು ಆ ಬಟ್ಟೆಯನ್ನು ನೆನೆಸಿ ನೆನೆಸಿ ಬಿಡಿಸಿದಳು.

ಶಿರಸ್ತ್ರಾಣ ಅಂಗಳದಲ್ಲಿ ಉರುಳಿ ಬಿದ್ದಿದೆ. ಬಲ ಅಂಚು ಸೀಳಿರಬಹುದು.

21 ಮಾರ್ಚ್, ಸೋಮವಾರ

ಫ್ಯಾಕ್ಟರಿಗೆ ಹೋಗಲಿಲ್ಲ. ಬೆಳಗಿನಿಂದ ಮಗ್ಗವೂ ನಿಂತಿದೆ. ಈಶ್ವರಿ ಪಕ್ಕೆಗೆ ಬಟ್ಟೆ ಕಟ್ಟಿಕೊಂಡು ಒಳಮನೆಯಲ್ಲಿ ಮಲಗಿದ್ದಾಳೆ. ಬೈಲಪ್ಪ ನಿನ್ನೆ ಸಂಜೆಯೇ ಚನ್ನರಾಯಪಟ್ಟಣಕ್ಕೆ ಹೋಗಿ ಬಂದನಂತೆ. ಮೇಷ್ಟ್ರಿಗೆ ಹೋದ ವಾರವೇ ಬೇರೆ ಕಡೆ ಮದುವೆ ಗೊತ್ತಾಗಿದೆ.

ಮಧ್ಯಾಹ್ನ ಅಮ್ಮ ಊಟಕ್ಕೆ ಕರೆದಳು. ಕರೆದಳಲ್ಲ ಅಂತ ಒಂದು ಗಳಿಗೆ ಸಮಾಧಾನವಾಯಿತು. ತಟ್ಟೆ ಇಟ್ಟು, ಮುದ್ದೆ ಹಾಕಿ, ಸಾರು ಬಿಟ್ಟಳು. ಎದುರಿಗೆ ಕೂತಳು.

"ಆ ಕಾಗದ ಯಾವ ಕೈಲಿ ಬರ್ದೆ?"

ಅಕ್ಷರ ಗೊತ್ತಾಗಬಾರದು ಅಂತ ಎಡಗೈಯಲ್ಲಿ ಬರೆದಿದ್ದೆ. ಹಾಗೇ ಹೇಳಿದೆ.

"ಹಂಗಾರೆ ಈ ಮನೇಲಿ ಇನ್ಮೇಲೆ ಆ ಕೈಲೇ ಉಣ್ಣು."

ನಗಲು ನೋಡಿದೆ. ಅಮ್ಮ ನಗಲಿಲ್ಲ. ಬಲಗೈ ತಟ್ಟೆಗೆ ಹಾಕಿದೆ. ತಟ್ಟೆ ಹಿಂದಕ್ಕೆ ಎಳೆದುಕೊಂಡಳು. ಕೈ ತೆಗೆದ ಮೇಲೆ ಮತ್ತೆ ಮುಂದಕ್ಕೆ ತಳ್ಳಿದಳು. ಬಾಗಿಲಲ್ಲಿ ಈಶ್ವರಿ ಬಂದು ನಿಂತಿದ್ದಳು, ಪಕ್ಕೆ ಹಿಡಿದುಕೊಂಡು, ಬಾಗಿಲುವಾಡಕ್ಕೆ ತಲೆ ತಗಲುವಷ್ಟು ಎತ್ತರ. ನೋಡುತ್ತಿದ್ದಳು.

ಎಡಗೈಯಲ್ಲಿ ಮುದ್ದೆ ಮುರಿದೆ. ಸಾರಿನಲ್ಲಿ ಅದ್ದಿದೆ. ಬಾಯಿಯ ಹತ್ತಿರ ತಂದೆ, ಅಮ್ಮ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು, ನಾನು ನುಂಗಿದೆ.