ಕ್ರಯಪತ್ರದಲ್ಲಿಲ್ಲದ ಮಣ್ಣು

ನವೆಂಬರ್ 9, ಶನಿವಾರ

ಲ್ಯಾಬಿನಿಂದ ಬರುವಷ್ಟರಲ್ಲಿ ಏಳಾಯಿತು. ಇಡೀ ದಿನ ರಕ್ತ, ಮೂತ್ರ, ಕಫ. ಕೈ ತೊಳೆದು ಮತ್ತೆ ಅಂಗಳದ ನಕ್ಷೆ ಹಿಡಿದು ಕೂತೆ. ಬಾಬುರಾಯನಕೊಪ್ಪಲಿನ ಮನೆ ರಿಜಿಸ್ಟರ್ ಆಯಿತು. ಮುಂದಿನ ವಾರ ಬೀಗದ ಕೈ. ಮನೆ ಹಳೆಯದು. ಅಡುಗೆಮನೆ ಕತ್ತಲು, ಬಚ್ಚಲಿನ ಬಾಗಿಲು ಮುಚ್ಚಿಕೊಳ್ಳುವುದಿಲ್ಲ. ನಾನು ಒಪ್ಪಿದ್ದು ಅಂಗಳ ನೋಡಿ.

ಗ್ರಾಫ್ ಶೀಟಿನಲ್ಲಿ ಹಾಕಿದೆ — ಗೇಟಿನಿಂದ ಬಾಗಿಲಿಗೆ ಕಲ್ಲುಹಾಸಿನ ದಾರಿ, ನೇರ ಅಲ್ಲ, ಸ್ವಲ್ಪ ಬಳುಕಿ. ಬೆಳಗಿನ ಬಿಸಿಲು ಬೀಳುವ ಕಡೆ ಗುಲಾಬಿ, ಕನಕಾಂಬರ. ಪಾತ್ರೆ ತೊಳೆದ ನೀರು ಹರಿಯುವಲ್ಲಿ ಬಾಳೆ. ಹಿಂದೆ ನಿಂಬೆ, ಕರಿಬೇವು, ಸೊಪ್ಪಿನ ಮಡಿ. ಕಾಂಪೌಂಡಿನ ಮೂಲೆಯ ಹಳೇ ಮಲ್ಲಿಗೆ ಇದ್ದ ಹಾಗೇ ಇರಲಿ.

ಮನೆ ನೋಡಲು ಹೋದ ದಿನವೇ ಒಂದು ಹಿಡಿ ಮಣ್ಣು ಕವರಿನಲ್ಲಿ ತಂದಿದ್ದೆ. ಬಾಟಲಿಗೆ ಹಾಕಿ, ನೀರು ತುಂಬಿ, ಕುಲುಕಿ ಇಟ್ಟಿದ್ದೆ. ಮಾರನೇ ದಿನ ನೋಡಿದರೆ ತಳದಲ್ಲಿ ಮರಳು, ಅದರ ಮೇಲೆ ಕೆರೆ ಹೂಳಿನ ನುಣ್ಣನೆ ಗೋಡು, ಎಲ್ಲಕ್ಕೂ ಮೇಲೆ ಜೇಡಿಯ ತೆಳು ಪದರ. ಯಾವುದೂ ಹೆಚ್ಚಿಲ್ಲ, ಯಾವುದೂ ಕಡಿಮೆಯಿಲ್ಲ. ಹಿಡಿದರೆ ಉಂಡೆ, ಬೆರಳು ತಾಗಿದರೆ ಪುಡಿ. ಇಂಥ ಮಣ್ಣು ಒಂದೆರಡು ವರ್ಷಕ್ಕೆ ಆಗುವುದಲ್ಲ.

ನಮ್ಮ ಯಜಮಾನರು ಗಿರೀಶ್ ನಕ್ಷೆ ನೋಡಿ ನಕ್ಕರು. "ಲಾಲ್‌ಬಾಗ್ ಮಾಡೀಯಾ? ಕಾರ್ ಎಲ್ ನಿಲ್ಸನ?"

ನಮಗೆ ಕಾರೇ ಇಲ್ಲ.

ನವೆಂಬರ್ 17, ಭಾನುವಾರ

ಮಣ್ಣಿಲ್ಲ.

ಬೀಗದ ಕೈ ನಿನ್ನೆ ಸಿಕ್ಕಿತು. ಗುಡಿಸಿ ಬರೋಣ ಎಂದು ಪೊರಕೆ ಹಿಡಿದು ಹೋದೆ. ಗೇಟಿನೊಳಗೆ ಕಾಲಿಟ್ಟವಳು ಮುಗ್ಗರಿಸಿದೆ. ಅಂಗಳ ಮೊಳದಷ್ಟು ತಗ್ಗಿದೆ. ಕಾಂಪೌಂಡಿನ ಪಾಯದ ಕಲ್ಲುಗಳು ಹಲ್ಲು ಕಿರಿದುಕೊಂಡು ಹೊರಗೆ ಬಂದಿವೆ. ಮಲ್ಲಿಗೆ ಬೇರು ಸಮೇತ ಮಾಯ. ಉಳಿದಿರುವುದು ಬರೀ ಗರಸು, ಕಲ್ಲುಚೂರು.

ಎದುರು ಮನೆಯ ಪ್ರೇಮಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದರು. "ಸುಕ್ರವಾರ ಜೆಸಿಬಿ ತಂದು ಕೆರುಸ್ಬುಟ್ರು ಕಣವ್ವ. ವತ್ತಾರೆಯಿಂದ ಬೈಗಿನಗಂಟ ಟ್ರಾಕ್ಟರು ಓಡಾಡ್ತು. ನಿಮ್ಗೆ ಗೊತ್ತಿದ್ದೇ ತಗೀತಾವ್ರೆ ಅನ್ಕಂಡೆ."

ಮನೆ ಮಾರಿದ ತಮ್ಮಯ್ಯನಿಗೆ ಫೋನ್ ಮಾಡಿದೆ. ಎತ್ತಿದ. ಹೆದರಿಕೆಯೂ ಇಲ್ಲ, ನಾಚಿಕೆಯೂ ಇಲ್ಲ.

"ಮನೆ ಮಾರ್ದೊ ಕಣಮ್ಮ. ಮಣ್ಣ್ ಮಾರ್ನಿಲ್ಲ. ಪತ್ರ ತಗ್ದು ನೋಡು, ಮಣ್ಣು ಅಂತ ಎಲ್ಲಾರ ಬರ್ದದಾ?"

"ಇದು ಕಳ್ಳತನ."

"ಏನಾರ ಅನ್ಕೊ."

ಇಟ್ಟುಬಿಟ್ಟ. ಮತ್ತೆ ಮಾಡಿದೆ. ಸ್ವಿಚ್ ಆಫ್.

ನವೆಂಬರ್ 18

ದೂರು ಕೊಡೋಣ ಎಂದೆ. ಇವರು ತಟ್ಟೆಯಿಂದ ತಲೆ ಎತ್ತಲಿಲ್ಲ.

"ಮಣ್ ಕದ್ರು ಅಂತ ಟೇಸನ್ ಮೆಟ್ಲತ್ತಿದ್ರೆ ಜನ ನಗಾಡ್ತಾರೆ. ನಿಂಗರಾಜುಗೆ ಯೋಳಿ ಕೆಮ್ಮಣ್ ಹೊಡಿಸ್ತೀನಿ ಬುಡು. ಮಣ್ಣಲ್ಲಿ ಏನೈತೆ, ಎಲ್ಲಾ ಒಂದೇಯ."

"ಒಂದೇ ಅಲ್ಲ ಕಣ್ರಿ."

"ಅಯ್ಯಯ್ಯೋ, ಲ್ಯಾಬ್‌ನೋರು! ನಿಮ್ಗೆ ಗೊತ್ತಿಲ್ದಿದ್ದು ಉಂಟಾ?"

ಉಳಿದ ಗರಸನ್ನು ಬಾಟಲಿಯಲ್ಲಿ ಕುಲುಕಿದೆ. ದಬದಬ ತಳಕ್ಕೆ ಬಿತ್ತು, ಮೇಲೆ ತಿಳಿನೀರು. ಅಂಗಳದಲ್ಲಿ ಗುಂಡಿ ತೋಡಿ ಒಂದು ಬಕೆಟ್ ನೀರು ಸುರಿದಿದ್ದೆ. ಬಕೆಟ್ ಕೆಳಗಿಡುವಷ್ಟರಲ್ಲಿ ಗುಂಡಿ ಖಾಲಿ. ಇದರಲ್ಲಿ ನೀರೂ ನಿಲ್ಲದು, ಗೊಬ್ಬರವೂ ನಿಲ್ಲದು. ಒಂದು ಗುಲಾಬಿ ಕಡ್ಡಿ ಬದುಕದು.

ತಮ್ಮಯ್ಯನ ಮನೆ ಹಾಳಾಗ. ಬರೆದುಬಿಟ್ಟೆ. ಹೊಡೆದು ಹಾಕುವುದಿಲ್ಲ.

ಡಿಸೆಂಬರ್ 1, ಭಾನುವಾರ

ಒಕ್ಕಲು ಬಂದು ವಾರವಾಯಿತು. ಬರೆಯಲು ಬಿಡುವಿಲ್ಲ.

ನಿಂಗರಾಜು ಇವರ ಜೊತೆ ಓದಿದವನು, ಟ್ರಾಕ್ಟರ್ ಇಟ್ಟಿದ್ದಾನೆ. ಅವನು ತಂದು ಸುರಿದ ಮಣ್ಣು ಕಣ್ಣಿಗೆ ಚೆನ್ನಾಗಿಯೇ ಇತ್ತು. ಪರೀಕ್ಷೆ ಮಾಡುತ್ತೇನೆ, ತಡೆಯಿರಿ ಎಂದೆ. ಇವರು ಆಗಲೇ ಹರಡಿಸಿಬಿಟ್ಟರು. ಸರಿ ಎಂದು ನಿಂಬೆ, ಕರಿಬೇವು, ಗುಲಾಬಿ ನೆಟ್ಟೆ.

ಇವತ್ತು ಬೆಳಿಗ್ಗೆ ನೋಡುತ್ತೇನೆ — ಅಂಗಳದ ತುಂಬ ಬೆಳ್ಳಗೆ. ಯಾರೋ ಉಪ್ಪು ಎರಚಿದ ಹಾಗೆ. ಕರಿಬೇವಿನ ಎಲೆಯ ಅಂಚು ಸುಟ್ಟಿದೆ. ಮಣ್ಣು ನೆನೆಸಿದ ನೀರಿಗೆ ಲ್ಯಾಬಿನ ಪಟ್ಟಿ ಅದ್ದಿದೆ. ಮೂತ್ರಕ್ಕೆಂದು ಇರುವ ಪಟ್ಟಿ. ಕ್ಷಾರ ತೋರಿಸುವ ಬಣ್ಣ ಕೊನೇ ಮನೆಗೇ ಹೋಗಿ ನಿಂತಿತು. ಚೌಳು. ಅಪ್ಪಟ ಚೌಳು ಮಣ್ಣು.

ನಿಂಗರಾಜುವನ್ನು ಕರೆಸಿ ಕೇಳಿದೆ. "ನಾಲೆ ಪಕ್ಕದ ಗದ್ದೆ ಮೂಲೇದು ಅಕ್ಕ. ಅಲ್ಲಿ ಏನ್ ಹಾಕುದ್ರೂ ಬತ್ತಿರ್ನಿಲ್ಲ. ತಗ್ದು ಬಿಸಾಕ್ಬೇಕು ಅಂತಿದ್ದೆ, ಗಿರೀಶ ಬಿಟ್ಟಿ ಬೇಕು ಅಂದ..."

ಏನೂ ಬೆಳೆಯದ ಮಣ್ಣನ್ನು ತಂದು ನನ್ನ ಅಂಗಳಕ್ಕೆ ಬಿಸಾಡಿದ್ದಾರೆ! ಇಬ್ಬರಿಗೂ ಸರಿಯಾಗಿ ಕೊಟ್ಟೆ. ನಿಂಗರಾಜು ತಲೆ ಕೆಳಗೆ ಹಾಕಿ ಹೋದ. ಇವರು ಹೋಗಲಿಲ್ಲ.

"ಸ್ನೇಹಿತ್ನ ಮುಂದೆ ಮಾನ ಕಳುದ್ಬುಟ್ಟಲ್ಲೇ. ನಿಂಗ್ ಮಣ್ಣಿನ್ ಹುಚ್ಚು ಹತ್ತೈತೆ."

ಮಾತು ನಿಂತಿದೆ. ನಿಲ್ಲಲಿ.

ಡಿಸೆಂಬರ್ 8, ಭಾನುವಾರ

ಒಬ್ಬಳೇ ಪಾಂಡವಪುರಕ್ಕೆ ಹೋಗಿಬಂದೆ. ತಮ್ಮಯ್ಯ ಮಗಳ ಮನೆಯಲ್ಲಿದ್ದಾನೆ, ಸ್ಟೇಷನ್ ಹಿಂದೆ ಎಂದು ಪ್ರೇಮಮ್ಮ ಹೇಳಿದ್ದರು. ಬಸ್ಸಿನಲ್ಲಿ ಏನೇನು ಬೈಯಬೇಕೆಂದು ಸಾಲಾಗಿ ಜೋಡಿಸಿಕೊಂಡಿದ್ದೆ.

ಮನೆ ಹುಡುಕಬೇಕಾಗಲಿಲ್ಲ. ಬೀದಿಯಿಂದಲೇ ಮಣ್ಣಿನ ಗುರುತು ಸಿಕ್ಕಿತು. ಮನೆ ಮುಂದಿನ ಕಿರಿದಾದ ಜಾಗದಲ್ಲಿ ಕಿಟಕಿಯ ಎತ್ತರಕ್ಕೆ ರಾಶಿ. ಗೋಡೆಗೆ ಒರಗಿಸಿ ಮಲ್ಲಿಗೆ ನೆಟ್ಟಿದ್ದಾರೆ. ಗಿಡ್ಡ ಮಾಡಿ ಕತ್ತರಿಸಿದ್ದಾರೆ, ಚಿಗುರಿದೆ. ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ತಮ್ಮಯ್ಯನ ಹೆಂಡತಿ ಪುಟ್ಟತಾಯಮ್ಮ. ಎಡಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿದೆ. ಲಕ್ವ ಹೊಡೆದಿದೆಯೆಂದು ನನಗೆ ಯಾರೂ ಹೇಳಿರಲಿಲ್ಲ. ಬಲಗೈಯಲ್ಲಿ ಹೆಂಟೆ ಒಡೆಯುತ್ತಿದ್ದಳು.

"ನಿಮ್ಮ ಯಜಮಾನ್ರೆಲ್ಲಿ?"

"ಅವನ್ಯಾಕೆ? ಮಣ್ ತರ್ಸ್ದೋಳು ನಾನು. ನಂತವ ಮಾತಾಡು."

"ನನ್ನ ಅಂಗಳ ಕೆರೆದು ತಂದಿದ್ದೀರಿ. ನಾಚಿಕೆ ಆಗಲ್ವಾ?"

"ನಿನ್ ಅಂಗಳವಾ?" ಕೈಯಲ್ಲಿದ್ದ ಹೆಂಟೆ ನೆಲಕ್ಕೆ ಬಡಿದಳು. "ನಾನ್ ಮದುವೆಯಾಗಿ ಬಂದಾಗ ಅಲ್ಲಿ ಬರೀ ಕಲ್ಲಿತ್ತು. ಕೆರೆ ಗೋಡು ವೊತ್ತೆ, ಸಗಣಿ ವೊತ್ತೆ, ಎಲೆ ಕೊಳ್ಸಿ ಹಾಕ್ದೆ. ಎಲ್ಲಾ ಈ ತಲೆ ಮ್ಯಾಲೆ. ಕೈ ಬಿದ್ದೋಗಿ ಆಸ್ಪತ್ರೆ ಮಂಚದ ಮ್ಯಾಲಿದ್ದೆ, ಅವ್ನು ಮನೆ ಮಾರ್ಬುಟ್ಟ. ಒಂದ್ ಮಾತ್ ಕೇಳ್ನಿಲ್ಲ. ಅವ್ನೆಸ್ರಲ್ಲಿತ್ತು, ಮಾರ್ಕಂಡ. ಮಣ್ಣು ಯಾರೆಸ್ರಲ್ಲಿತ್ತು? ತಂದ್ಕೊಡ್ದಿದ್ರೆ ಅನ್ನ ಮುಟ್ಟಲ್ಲ ಅಂದೆ. ತಂದ."

"ನಿಮ್ಮ ಮನೆ ಜಗಳಕ್ಕೆ ನಾನೇನು ಮಾಡಲಿ? ನಾನು ದುಡ್ಡು ಕೊಟ್ಟು ತಗೊಂಡಿದ್ದೀನಿ."

"ನೀನ್ ಕೊಟ್ಯಾ? ಪತ್ರ ನಿನ್ನೆಸ್ರಿಗೆ ಆಗದಾ?"

ನನ್ನ ಕಣ್ಣು ಮಲ್ಲಿಗೆಯ ಕಡೆ ಹೋಯಿತು. ಅಪ್ಪನ ಕಡೆಯಿಂದ ಬಂದ ಜಮೀನು ಮಾರಿ ಹಾಕಿದ್ದು ನಾನು. ಪತ್ರದಲ್ಲಿರುವುದು ಇವರ ಹೆಸರು. ರಿಜಿಸ್ಟರ್ ದಿನ ನಾನು ಲ್ಯಾಬಿನಲ್ಲಿದ್ದೆ. ನೀನ್ಯಾಕೆ ರಜ ಹಾಕ್ತೀಯಾ ಅಂದಿದ್ದರು.

ಆಕೆಗೆ ಗೊತ್ತಾಗಿಹೋಯಿತು. ನಕ್ಕಳು. ಒಳ್ಳೆಯ ನಗು ಅಲ್ಲ.

"ಅಂಗಾರೆ ಓಗು, ಓಗಿ ಅಲ್ಲಿ ಕಿತ್ತಾಡು. ನನ್ನತ್ರ ಒಂದಿಡೀನೂ ಸಿಕ್ಕಾಕಿಲ್ಲ."

ಕುಡಿಯಲು ನೀರು ಬೇಕೇ ಎಂದೂ ಆಕೆ ಕೇಳಲಿಲ್ಲ. ಕೊಟ್ಟರೂ ಕುಡಿಯುತ್ತಿರಲಿಲ್ಲ. ಬರುವಾಗ ಬೇಕೆಂದೇ ಆ ಮಣ್ಣನ್ನು ಚಪ್ಪಲಿ ಕಾಲಲ್ಲಿ ತುಳಿದುಕೊಂಡು ಬಂದೆ. ಬೀದಿ ತಿರುಗುವವರೆಗೂ ಬೈಗುಳ ಕೇಳಿಸುತ್ತಿತ್ತು.

ಡಿಸೆಂಬರ್ 12

ಕೇಳಿಯೇಬಿಟ್ಟೆ. ಪತ್ರಕ್ಕೆ ನನ್ನ ಹೆಸರೂ ಸೇರಲಿ.

"ಯಾಕೆ? ನಾನೇನ್ ಓಡೋಯ್ತೀನಾ?"

"ಓಡಿಹೋದರೂ ಮನೆ ಇಲ್ಲೇ ಇರುತ್ತಲ್ಲ. ಅದಕ್ಕೆ."

ಚೊಂಬು ಗೋಡೆಗೆ ಹೋಯಿತು. ಯಾರು ತಲೆ ಕೆಡಿಸಿದರು, ಆ ಮುದುಕಿಯಾ, ಲ್ಯಾಬಿನವರಾ... ತಲೆ ನನ್ನದೇ ಎಂದೆ. ನಂಬಿಕೆ ಇಲ್ಲದವಳ ಜೊತೆ ಹೇಗೆ ಬಾಳುವುದು ಎಂದರು. ನನ್ನ ಜಮೀನು ಮಾರಿಸುವಾಗ ಈ ನಂಬಿಕೆಯ ಮಾತು ಬಂದಿರಲಿಲ್ಲ.

ಡಿಸೆಂಬರ್ 19

ಉತ್ತರ ಬಂತು. ಬಾಯಲ್ಲಿ ಅಲ್ಲ. ಸಂಜೆ ಒಬ್ಬ ಟೇಪು ಹಿಡಿದು ಅಂಗಳ ಅಳೆಯುತ್ತಿದ್ದ. ಸಿಮೆಂಟ್ ಟೈಲ್ಸ್. ಗೋಡೆಯಿಂದ ಗೋಡೆಗೆ, ಒಂದು ಗಿಡ ಬಿಡದೆ. ಭಾನುವಾರ ಲಾರಿ ಬರುತ್ತದಂತೆ.

"ಮಣ್ಣೇ ಇರಲ್ಲ, ಜಗಳಾನೂ ಇರಲ್ಲ," ಎಂದ ಗಿರೀಶ. ಆಮೇಲೆ ಟೀವಿ ಹಾಕಿಕೊಂಡ.

ಇನ್ನು ಇವನಿಗೆ ಬಹುವಚನ ಬರೆಯಲು ನನ್ನ ಕೈ ಏಳುವುದಿಲ್ಲ. ಎದುರಿಗೆ ಅನ್ನುತ್ತೇನೋ ಏನೋ, ಇಲ್ಲಿ ಬೇಡ.

ಡಿಸೆಂಬರ್ 21, ಶನಿವಾರ

ನಿನ್ನೆ, ಇವತ್ತು ರಜ. ಅವನು ತನ್ನ ಅಂಗಡಿಗೆ ಹೊರಟ ಕೂಡಲೇ ಗುದ್ದಲಿ ಹಿಡಿದೆ. ಚೌಳು ಮಣ್ಣನ್ನು ಗರಸು ಕಾಣುವವರೆಗೂ ಬಗೆದೆ. ಇವತ್ತು ಅದನ್ನು ಬಾಂಡ್ಲಿಯಲ್ಲಿ ಹೊತ್ತು ಗೇಟಿನ ಒಳಗೇ ಸುರಿದೆ. ಎದೆಯುದ್ದ ಗುಡ್ಡೆ. ಲಾರಿ ಇರಲಿ, ತಳ್ಳುಗಾಡಿಯೂ ಒಳಗೆ ಬರುವಂತಿಲ್ಲ. ಅಂಗೈ ತುಂಬ ಬೊಬ್ಬೆ.

ಪ್ರೇಮಮ್ಮ ನೋಡುತ್ತಾ ನಿಂತಿದ್ದರು. "ಇದೇನವ್ವ ದೀಪಾ, ಹುಚ್ಗಿಚ್ಚು ಹಿಡೀತಾ?"

"ನಿಮ್ಮ ಕೊಟ್ಟಿಗೆ ತಿಪ್ಪೆ ಕೊಡ್ತೀರಾ?"

ಮಂಕರಿ ತುಂಬ ಗೊಬ್ಬರ ತಂದು ಕಾಂಪೌಂಡಿನ ಮೇಲಿಟ್ಟು ಹೋದರು. ನಕ್ಷೆಯಲ್ಲಿದ್ದ ಕಡೆಯೆಲ್ಲಾ ಗುಂಡಿ ತೋಡಿದ್ದೇನೆ. ಗೊಬ್ಬರ, ತರಗು, ಗರಸು ಬೆರೆಸಿ ತುಂಬುತ್ತಿದ್ದೇನೆ. ಕೆರೆ ಗೋಡು ಇನ್ನೂ ತರಿಸಬೇಕು. ವರ್ಷಗಳು ಹಿಡಿಯಲಿ. ಆ ಹೆಂಗಸು ಕಲ್ಲಿನ ಮೇಲೆ ಮಾಡಿದ್ದನ್ನು ನಾನೂ ಮಾಡಬಲ್ಲೆ. ಆಕೆಯ ಮೇಲಿನ ಸಿಟ್ಟು ಮಾತ್ರ ಇಳಿದಿಲ್ಲ.

ಗಿರೀಶ ಸಂಜೆ ಬಂದವನು ಗೇಟು ತಳ್ಳಿದ. ತೆರೆಯಲಿಲ್ಲ. ಕಾಂಪೌಂಡು ಹಾರಿ ಬಂದ. ಪ್ಯಾಂಟು ಹರಿಯಿತು. ಊಟ ಮಾಡಲಿಲ್ಲ. ನಾನು ಮಾಡಿದೆ.

ಡಿಸೆಂಬರ್ 22, ಬೆಳಿಗ್ಗೆ

ಲಾರಿ ಬಂದಿದೆ. ಹಾರ್ನ್ ಹೊಡೆದು ಹೊಡೆದು ಬೀದಿಯವರೆಲ್ಲ ಹೊರಗೆ. ನಾನು ಜಗುಲಿಯ ಮೇಲೆ ಕೂತು ಬರೆಯುತ್ತಿದ್ದೇನೆ, ಎಲ್ಲರಿಗೂ ಕಾಣುವ ಹಾಗೆ. ಗಿರೀಶ ಗುಡ್ಡೆಯ ಮೇಲೆ ಹತ್ತಿ ಗುದ್ದಲಿಯಲ್ಲಿ ಮಣ್ಣು ಎಳೆಯುತ್ತಿದ್ದಾನೆ, ನನ್ನನ್ನು ಬೈಯುತ್ತಿದ್ದಾನೆ. ಎಳೆದಷ್ಟೂ ಜಾರಿ ಅವನ ಕಾಲಿನ ಮೇಲೇ ಬೀಳುತ್ತಿದೆ. ಯಾರೂ ಕೈಜೋಡಿಸಲು ಬರಲಿಲ್ಲ.

ಡ್ರೈವರು ಇಳಿದು ಕಾಂಪೌಂಡಿನ ಹತ್ತಿರ ಬಂದ. ಗುಂಡಿಗಳನ್ನು ನೋಡಿದ. ಗಿರೀಶನನ್ನು ನೋಡಿದ. ಆಮೇಲೆ ನನ್ನ ಕಡೆ ತಿರುಗಿ ಕೂಗಿದ, "ಅಕ್ಕಾ, ಇಳಿಸ್ಬೇಕಾ, ವಾಪಸ್ ಓಗ್ಬೇಕಾ? ಒಬ್ರು ಒಂದ್ ಮಾತೇಳಿ."

"ಅವ್ಳನ್ನೇನ್ಲಾ ಕೇಳ್ತೀಯಾ!" ಗಿರೀಶ ಅರಚುತ್ತಿದ್ದಾನೆ.

ಡ್ರೈವರು ಇನ್ನೂ ನನ್ನನ್ನೇ ನೋಡುತ್ತಿದ್ದಾನೆ. ಹೇಳಿ ಬರುತ್ತೇನೆ. ಕೂತಲ್ಲಿಂದ ಕೂಗುವುದಿಲ್ಲ, ಎದ್ದು ಹೋಗಿ ನಾನೇ ಲಾರಿ ವಾಪಸ್ ಕಳಿಸುತ್ತೇನೆ.